ಹನ್ನೆರಡರ ತಲೆಯ ಮೇಲೊಂದು ಚುಕ್ಕಿ

ಜನವರಿ 14

ಪುಟ್ಟಿ,

ನಿನ್ನ ಚಿಕ್ಕಮ್ಮನ ಮನೆ ಸೇರಿದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಮಾತಿಗೆಳೆದಳು. ‘ಗಂಟಲಿಗೆ ಆಪರೇಷನ್ ಆಗಿದೆ, ಮಾತಾಡುವಂತಿಲ್ಲ’ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿದೆ. ಅಯ್ಯೋ ಪಾಪ ಅಂದವಳು ಆಮೇಲೆ ಇಳಿಯುವವರೆಗೂ ತನ್ನ ಸಂಸಾರವನ್ನೆಲ್ಲ ನನ್ನ ಮಡಿಲಿಗೆ ಸುರಿದಳು. ತಿರುಗಿ ಮಾತಾಡದ ಕಿವಿ ಸಿಕ್ಕಿದರೆ ಯಾರು ಬಿಡುತ್ತಾರೆ.

ಫೋನಿನಲ್ಲಿ ಬರೆದು ಕಳಿಸು ಅಂತೀಯ. ಆ ಇರುವೆಯಂಥ ಅಕ್ಷರಗಳನ್ನು ಹುಡುಕಿ ಒತ್ತುವಷ್ಟರಲ್ಲಿ ಹೇಳಬೇಕೆಂದಿದ್ದೇ ಮರೆತುಹೋಗುತ್ತದೆ. ಅದಕ್ಕೇ ಕಾಗದ. ನೀನೂ ಕಾಗದವನ್ನೇ ಬರಿ. ಅಂಚೆಯವನು ಬರುವ ಹೊತ್ತಿಗೆ ಕಾಯುವುದೂ ಒಂದು ಕೆಲಸ, ನನಗೀಗ ಕೆಲಸ ಬೇಕು.

ಚಿಕ್ಕಮ್ಮ ನನ್ನನ್ನು ಬೇಕರಿಯ ಕೌಂಟರಿನಲ್ಲಿ ಕೂರಿಸಿದ್ದಾಳೆ. ಅವಳು ಒಳಗೆ ಒಲೆಯ ಮುಂದೆ, ನಾನು ಹೊರಗೆ ಬ್ರೆಡ್ಡು ಕತ್ತರಿಸುವ ಮಿಷನ್ನಿನ ಪಕ್ಕ. ಕೈಯಲ್ಲೊಂದು ಸ್ಲೇಟು. ಗಿರಾಕಿಗಳು ನಾನು ಹುಟ್ಟಾ ಮೂಗಿ ಅಂದುಕೊಂಡಿದ್ದಾರೆ, ಕೆಲವರು ಕಿವುಡಿ ಅಂತಲೂ. ಎದುರಿಗೇ ನಿಂತು, ‘ಪಾಪ, ಮುಖ ಲಕ್ಷಣವಾಗಿದೆ, ಏನ್ ಮಾಡೋದು’ ಅಂದುಕೊಳ್ಳುತ್ತಾರೆ. ಇಪ್ಪತ್ತೈದು ವರ್ಷ ರೇಡಿಯೋದಲ್ಲಿ ಜಾಹೀರಾತಿನ ಬಾಲದ ಷರತ್ತುಗಳನ್ನು ಒಂದೇ ಉಸಿರಿಗೆ ಓದಿದ ಬಾಯಿ ಇದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು. ನನಗೆ ನಗು ತಡೆಯುವುದೇ ಕಷ್ಟ. ನಗುವುದಕ್ಕೂ ಡಾಕ್ಟರ ಅಪ್ಪಣೆ ಇಲ್ಲ.

ಹೊಸ ಕೆಲಸ ಹೇಗಿದೆ? ಜಾಹೀರಾತು ಬರೆಯುವ ಕೆಲಸ ಅಂದೆ. ಯಾವುದರ ಜಾಹೀರಾತು ಅಂತ ಸರಿಯಾಗಿ ಹೇಳಲೇ ಇಲ್ಲ.

ನಿನ್ನ
ಅಮ್ಮ


ಜನವರಿ 23

ಅಮ್ಮಾ,

ನೀನಿಲ್ಲದ ಮನೆ ಎಷ್ಟು ನಿಶ್ಶಬ್ದ ಅಂದರೆ ಫ್ರಿಜ್ಜು ಗೊರಕೆ ಹೊಡೆಯುವುದು ಮೊದಲ ಸಲ ಕೇಳಿಸಿತು.

ನಮ್ಮ ಕಂಪನಿ ಕ್ರಿಪ್ಟೋ ಠೇವಣಿ ತೆಗೆದುಕೊಳ್ಳುತ್ತದೆ. ಕ್ರಿಪ್ಟೋ ಅಂದರೆ ಕೈಗೆ ಸಿಗದ ನಾಣ್ಯ, ಕಂಪ್ಯೂಟರಿನ ಲೆಕ್ಕದಲ್ಲಷ್ಟೇ ಇರುವುದು. ಜನ ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಬೆಲೆ ಏರಿದರೆ ಮಾರುತ್ತಾರೆ. ಮಾರದೆ ಸುಮ್ಮನೆ ಇಟ್ಟುಕೊಂಡಿರುವವರಿಂದ ನಾವು ಅದನ್ನು ಠೇವಣಿಯಾಗಿ ಪಡೆದು, ಬೇಕಾದ ವ್ಯಾಪಾರಿಗಳಿಗೆ ಸಾಲ ಕೊಡುತ್ತೇವೆ. ಅವರು ಕೊಡುವ ಬಡ್ಡಿಯಲ್ಲಿ ಠೇವಣಿ ಇಟ್ಟವರಿಗೆ ಒಂದು ಪಾಲು.

ನನ್ನ ಮೊದಲ ಜಾಹೀರಾತು ಅಚ್ಚಾಗಿದೆ. ಒಂದು ಪ್ರತಿ ಇದರ ಜೊತೆ ಮಡಿಸಿಟ್ಟಿದ್ದೇನೆ. ‘ನಿಮ್ಮ ನಾಣ್ಯ ಯಾಕೆ ಮಲಗಿರಬೇಕು? ವರ್ಷಕ್ಕೆ 12% ವರೆಗೆ ಬಡ್ಡಿ.’ ಆ ಹನ್ನೆರಡು ನೋಡು, ಕುಂಬಳಕಾಯಿಯ ಹಾಗಿದೆ. ನಮ್ಮ ಮುಖ್ಯಸ್ಥರಿಗೆ ಅದು ತುಂಬಾ ಹಿಡಿಸಿತು. ಅವರ ಅಂಗಿಯ ಮೇಲೆ ಬೆಳಿಗ್ಗೆಯಾಗಲಿ ಸಂಜೆಯಾಗಲಿ ಒಂದು ಗೆರೆ ಮುದುರಿರುವುದಿಲ್ಲ, ಅದಕ್ಕೆ ನಾವೆಲ್ಲ ಅವರನ್ನು ಇಸ್ತ್ರಿ ಸಾಹೇಬರು ಅನ್ನುತ್ತೇವೆ. ‘ಸಂಖ್ಯೆ ಮೊದಲು ಕಣ್ಣಿಗೆ ಹೊಡೀಬೇಕು, ಮಾತು ಆಮೇಲೆ’ ಅಂದರು. ಬಸ್ ನಿಲ್ದಾಣಗಳಲ್ಲೆಲ್ಲ ಅಂಟಿಸಿದ್ದಾರೆ. ನಿನ್ನೆ ಬಸ್ಸಿಗೆ ಕಾಯುವಾಗ ಒಬ್ಬ ಅದನ್ನೇ ಓದುತ್ತಿದ್ದ. ನಾನು ಬರೆದದ್ದು ಅಂತ ಅವನಿಗೆ ಹೇಳಿಬಿಡೋಣ ಅನ್ನಿಸಿ, ನಾಲಿಗೆ ಕಚ್ಚಿಕೊಂಡೆ.

ಡಾಕ್ಟರ ಹತ್ತಿರ ಮತ್ತೆ ಯಾವಾಗ ಹೋಗಬೇಕು?

ಪುಟ್ಟಿ


ಫೆಬ್ರವರಿ 4

ಪುಟ್ಟಿ,

ನಿನ್ನ ಜಾಹೀರಾತನ್ನು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ ಸ್ಲೇಟಿನಲ್ಲಿ ‘ಮಗಳು’ ಅಂತ ಬರೆದು, ಕೈಯಿಂದ ಗೋಡೆ ತೋರಿಸುತ್ತೇನೆ. ಒಬ್ಬರು ಮಾತ್ರ ಆ ಹನ್ನೆರಡನ್ನೇ ನೋಡಿ, ‘ಮಗಳಿಗೆ ಹನ್ನೆರಡು ವರ್ಷಾನಾ?’ ಅಂದರು.

ಈಗ ನನ್ನ ಒಂದು ತೀರ್ಮಾನ ಹೇಳುತ್ತೇನೆ, ಬೇಡ ಅನ್ನಬೇಡ. ಬ್ಯಾಂಕಿನಲ್ಲಿ ನನ್ನ ಇಪ್ಪತ್ತು ಲಕ್ಷ ಸುಮ್ಮನೆ ತೂಕಡಿಸುತ್ತಿದೆ. ಅದನ್ನು ತೆಗೆದು ನಿಮ್ಮಲ್ಲಿ ಇಟ್ಟರೆ ನೂರಕ್ಕೆ ಹನ್ನೆರಡರ ಹಾಗೆ ತಿಂಗಳಿಗೆ ಇಪ್ಪತ್ತು ಸಾವಿರ ಆಯಿತು. ಸಾಕಲ್ಲ ನನಗೆ. ಸ್ಟುಡಿಯೋದವರು ಕರೆದರೆ ಕರೆಯಲಿ, ಬಿಟ್ಟರೆ ಬಿಡಲಿ. ಕೂತು ಉಣ್ಣುತ್ತೇನೆ. ಮಗಳ ಕಂಪನಿ ಅಂದಮೇಲೆ ಹೆದರಿಕೆ ಏನು. ಚಿಕ್ಕಮ್ಮನೂ ಹೊಸ ಒಲೆಗೆಂದು ಕೂಡಿಟ್ಟಿದ್ದನ್ನು ಕೊಡುತ್ತಾಳಂತೆ. ಎಲ್ಲಿ ಸಹಿ ಹಾಕಬೇಕು, ಫಾರಂ ಕಳಿಸು.

ಇಲ್ಲಿ ಚಳಿ. ಒಲೆಯ ಪಕ್ಕ ಕೂತರೆ ಬೆನ್ನು ಬೇಸಿಗೆ, ಮುಖ ಚಳಿಗಾಲ.

ಅಮ್ಮ


ಫೆಬ್ರವರಿ 9

ಅಮ್ಮಾ,

ಬ್ಯಾಂಕಿನಿಂದ ಒಂದು ಕಾಸೂ ತೆಗೆಯಬೇಡ. ಚಿಕ್ಕಮ್ಮನಿಗೂ ಹೇಳು. ಈ ಕಾಗದ ತಲುಪುವವರೆಗೆ ತಡೆಯಲಾರದೆ ಅಂಗಡಿಗೆ ಫೋನ್ ಮಾಡಿ ಅವರ ಹತ್ತಿರ ಇಷ್ಟನ್ನು ಹೇಳಿದ್ದೇನೆ, ಈಗ ಕಾರಣ ಬರೆಯುತ್ತೇನೆ.

ಹನ್ನೆರಡರ ತಲೆಯ ಮೇಲೆ ಒಂದು ಪುಟ್ಟ ಚುಕ್ಕಿ ಇದೆ ನೋಡು. ಅದೇ ಚುಕ್ಕಿ ಹಾಳೆಯ ತೀರಾ ಕೆಳಗೆ ಮತ್ತೊಮ್ಮೆ ಬರುತ್ತದೆ, ಅದರ ಪಕ್ಕದಲ್ಲಿ ಷರತ್ತು. ಹನ್ನೆರಡು ಸಿಗುವುದು ಮೊದಲ ಐವತ್ತು ಸಾವಿರಕ್ಕೆ ಮಾತ್ರ, ಅದೂ ನಮ್ಮ ಕಂಪನಿಯೇ ಹೊರಡಿಸಿದ ಹೊಸ ನಾಣ್ಯವನ್ನು ಒಂದು ವರ್ಷ ಮುಟ್ಟದೆ ಇಟ್ಟವರಿಗೆ. ಉಳಿದದ್ದಕ್ಕೆಲ್ಲ ನಾಲ್ಕು. ಹಾಗಾಗಿ ನಿನ್ನ ಇಪ್ಪತ್ತು ಸಾವಿರ ಹೆಚ್ಚುಕಡಿಮೆ ಆರೂವರೆ ಸಾವಿರಕ್ಕೆ ಇಳಿಯುತ್ತದೆ. ಅದೂ ದುಡ್ಡಲ್ಲ. ಬಡ್ಡಿ ಕೊಡುವುದು ನಾಣ್ಯದಲ್ಲಿ. ನಾಣ್ಯದ ಬೆಲೆ ಅರ್ಧಕ್ಕೆ ಬಿದ್ದರೆ ನಿನ್ನ ಇಪ್ಪತ್ತು ಲಕ್ಷ ಹತ್ತಾಗುತ್ತದೆ, ಬಡ್ಡಿ ಅದರ ಮೇಲೊಂದು ಚಿಟಿಕೆ ಸಕ್ಕರೆ. ಹಾಗೆ ಬಿದ್ದ ವರ್ಷಗಳಿವೆ. ಕಂಪನಿಯೇ ಮುಚ್ಚಿದರೆ ಬ್ಯಾಂಕಿನ ಠೇವಣಿಗೆ ಇರುವಂಥ ರಕ್ಷಣೆ ಇದಕ್ಕಿಲ್ಲ.

ಇದಿಷ್ಟೂ ಆ ಹಾಳೆಯಲ್ಲಿದೆ. ಸುಳ್ಳು ಒಂದೂ ಇಲ್ಲ. ಆದರೂ ನೀನು ಅದನ್ನು ಓದಿ ಬೇರೆಯೇ ಒಂದು ಮಾತನ್ನು ನಂಬಿದೆ. ಬಸ್ ನಿಲ್ದಾಣದಲ್ಲಿ ಓದುತ್ತಿದ್ದವನ ಮುಖ ಎರಡು ದಿನದಿಂದ ನೆನಪಾಗುತ್ತಿದೆ.

ತಿಂಗಳಿಗೆ ಇಪ್ಪತ್ತು ಸಾವಿರ. ಸ್ಟುಡಿಯೋದಿಂದ ನಿನಗೆ ಬರುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ನಿನ್ನ ಕಾಗದದಲ್ಲಿ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಡಾಕ್ಟರ ಹತ್ತಿರ ಯಾವಾಗ ಹೋಗಬೇಕು ಅಂತ ಕೇಳಿದ್ದೆ, ನೀನು ಬರೆಯಲಿಲ್ಲ.

ಪುಟ್ಟಿ


ಫೆಬ್ರವರಿ 22

ಪುಟ್ಟಿ,

ಇಷ್ಟು ದಿನ ಬರೆಯದಿದ್ದಕ್ಕೆ ಕಾರಣ ಕೇಳಬೇಡ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು ಅಂತ ಇಟ್ಟುಕೋ.

ಚಿಕ್ಕಮ್ಮನ ಕನ್ನಡಕ ಹಾಕಿಕೊಂಡು ಆ ಚುಕ್ಕಿಯನ್ನು ಹುಡುಕಿದೆ. ನಾನು ಅದನ್ನು ನೊಣದ ಗುರುತು ಅಂದುಕೊಂಡಿದ್ದೆ. ಕೆಳಗಿನ ಸಾಲು ಓದಿದ ಮೇಲೆ ಮಾತ್ರ ಹೊಟ್ಟೆ ಹಿಡಿದುಕೊಂಡು ಕೂತೆ, ಶಬ್ದವಿಲ್ಲದೆ ನಗುವುದು ಎಂಥ ಕಷ್ಟ ಗೊತ್ತಾ. ನನ್ನ ಅನ್ನದ ಸಾಲು ಕಣೇ ಅದು. ಇಂಥವನ್ನು ಸಾವಿರಗಟ್ಟಲೆ ಓದಿದ್ದೇನೆ. ನನ್ನ ಕಣ್ಣಿಗೇ ಬೀಳಲಿಲ್ಲ ಅಂದರೆ ಅದನ್ನು ಕೂರಿಸಿದವನ ಕೈಚಳಕ ಮೆಚ್ಚಬೇಕು.

ಡಾಕ್ಟರು ಕನ್ನಡಿ ಇಳಿಸಿ ನೋಡಿದರು. ಗಾಯ ಮಾಗುತ್ತಿದೆಯಂತೆ. ಧ್ವನಿ ಹೇಗಿರುತ್ತದೆ ಅಂತ ಸ್ಲೇಟಿನಲ್ಲಿ ಕೇಳಿದೆ. ‘ನೋಡೋಣಮ್ಮ’ ಅಂದರು. ಅಷ್ಟೇ.

ಅದಿರಲಿ. ದಿನಾ ಸಂಜೆ ಬ್ರೆಡ್ಡಿಗೆ ಬರುವ ಒಬ್ಬ ನಿವೃತ್ತ ಬಸ್ ಡ್ರೈವರ್ ಇದ್ದಾರೆ. ಮೊನ್ನೆ ಗೋಡೆ ನೋಡಿ, ‘ನೂರಕ್ಕೆ ಹನ್ನೆರಡಂತೆ, ನಂದೂ ಸ್ವಲ್ಪ ಹಾಕ್ಬಿಡ್ಲಾ?’ ಅಂದರು. ನಾನು ಬೇಡ ಬೇಡ ಅಂತ ಕೈಯಾಡಿಸಿದೆ. ‘ಯಾಕೆ, ಮೋಸಾನಾ?’ ಅಂದರು. ಮೋಸ ಅಲ್ಲ ಅಂತ ತಲೆಯಾಡಿಸಿದೆ. ‘ಹಂಗಾದ್ರೆ ಹಾಕ್ಲಾ?’ ಮತ್ತೆ ಕೈ. ಸ್ಲೇಟಿನಲ್ಲಿ ಬರೆಯಲು ಹೋದರೆ ‘ನಾಣ್ಯ’, ‘ದುಡ್ಡು’, ‘ನಾಲ್ಕು’ ಅನ್ನುವಷ್ಟರಲ್ಲಿ ಜಾಗವೇ ಮುಗಿಯಿತು. ಹಿಂದೆ ನಿಂತವರು ಬನ್ನು ಕೊಡಿ ಅಂತ ಗದ್ದಲ. ಆ ಮನುಷ್ಯ ನನ್ನನ್ನೂ ಗೋಡೆಯನ್ನೂ ನೋಡಿಕೊಂಡು ಹೊರಟುಹೋದರು.

ಮಲಗಿಕೊಂಡು ಯೋಚಿಸಿದೆ. ಬಾಯಿ ಇದ್ದಿದ್ದರೆ ನಾನು ವಿವರಿಸಿಬಿಡುತ್ತಿದ್ದೆ, ಹಾಳೆಯ ತಪ್ಪು ಮುಚ್ಚಿಹೋಗುತ್ತಿತ್ತು. ಈಗ ನನ್ನ ಬಾಯಿಗೆ ಬೀಗ. ಹಾಳೆಯೇ ಮಾತಾಡಬೇಕು. ಬಸ್ ನಿಲ್ದಾಣದಲ್ಲೂ ನಿನ್ನ ಹಾಳೆಯ ಪಕ್ಕ ವಿವರಿಸುವವರು ಯಾರೂ ನಿಂತಿರುವುದಿಲ್ಲವಲ್ಲ.

ಇನ್ನೊಂದು ಬರಿ. ನಾನು ಕೌಂಟರಿನಲ್ಲಿಟ್ಟು ಓದಿಸುತ್ತೇನೆ. ಓದಿದ ಮೇಲೆ ಸ್ಲೇಟಿನಲ್ಲಿ ಒಂದೇ ಪ್ರಶ್ನೆ: ‘ನಿಮಗೆ ಏನು ಸಿಗುತ್ತೆ?’ ಅವರು ಹೇಳಿದ್ದನ್ನು ಹಾಗೇ ಬರೆದು ಕಳಿಸುತ್ತೇನೆ.

ಹಳೆಯದನ್ನು ಗೋಡೆಯಿಂದ ಕಿತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಅಮ್ಮ


ಮಾರ್ಚ್ 5

ಅಮ್ಮಾ,

ಬೇಜಾರಾಯಿತು. ಆಮೇಲೆ ಹೋಯಿತು.

ಇಸ್ತ್ರಿ ಸಾಹೇಬರ ಕೋಣೆಗೆ ಹೋಗಿ, ಹನ್ನೆರಡು ತೆಗೆದು ನಾಲ್ಕು ಹಾಕೋಣ ಅಂದೆ. ಅವರು ಪೆನ್ನು ಕೆಳಗಿಟ್ಟರು.

‘ಯಾಕಮ್ಮ, ಅಂಗಡಿ ಮುಚ್ಚಿಸ್ತೀಯಾ?’

‘ಹೆಚ್ಚಿನವರಿಗೆ ಸಿಗೋದು ನಾಲ್ಕೇ ಅಲ್ವಾ ಸರ್.’

‘ಹನ್ನೆರಡೂ ಸಿಗುತ್ತಲ್ಲ. ವರೆಗೆ ಅಂತ ಹಾಕಿದೀವಿ. ಕೆಳಗೆ ಎಲ್ಲಾ ಬರೆದಿದೀವಿ. ಇನ್ನೇನು ಮಾಡ್ಬೇಕು, ಮನೆಮನೆಗೆ ಹೋಗಿ ಓದಿ ಹೇಳ್ಲಾ?’

‘ನಮ್ಮಮ್ಮನೇ ಓದಿ ಇಪ್ಪತ್ತು ಲಕ್ಷ ತರೋಕೆ ಹೊರಟಿದ್ರು.’

ಅವರು ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು. ಕೊನೆಗೆ, ‘ಬರೆದು ತೋರಿಸು, ನೋಡೋಣ. ಹಳೇದು ಮಾತ್ರ ಸದ್ಯಕ್ಕೆ ಅಲ್ಲೇ ಇರ್ಲಿ’ ಅಂದರು. ಕೆಟ್ಟವರಲ್ಲ. ಅವರ ಮೇಲೂ ಯಾರೋ ಇದ್ದಾರೆ, ಆ ಯಾರಿಗೋ ಹನ್ನೆರಡು ಇಷ್ಟ.

ಹೊಸದನ್ನು ಇದರ ಜೊತೆ ಇಟ್ಟಿದ್ದೇನೆ. ಯಾವುದನ್ನೂ ಬಿಟ್ಟಿಲ್ಲ. ನಮ್ಮ ವಕೀಲರು ನೋಡಿ, ಇಷ್ಟು ಪ್ರಾಮಾಣಿಕವಾದ ಜಾಹೀರಾತನ್ನು ತಾನು ಕಂಡಿಲ್ಲ ಅಂದರು. ಅವರ ಹೊಗಳಿಕೆ ಕೇಳಿ ನನಗೆ ಸ್ವಲ್ಪ ಭಯವಾಗಿದೆ.

ಪುಟ್ಟಿ


ಮಾರ್ಚ್ 17

ಪುಟ್ಟಿ,

ನಿನ್ನ ಭಯ ನಿಜವಾಯಿತು.

ಡ್ರೈವರಣ್ಣ ಮೊದಲ ಪ್ಯಾರಾ ಓದಿ, ‘ಇದು ಯಾವ ಕಾಯಿಲೆ ಔಷಧಿ?’ ಅಂದರು. ಹೂವಿನಂಗಡಿಯಾಕೆ ನಿಂತು ಕೊನೆಯವರೆಗೂ ಓದಿದಳು. ಏನು ಸಿಗುತ್ತೆ ಅಂತ ಸ್ಲೇಟು ಹಿಡಿದರೆ, ‘ತಲೆನೋವು’ ಅಂದಳು. ಕಾಲೇಜಿನ ಹುಡುಗಿಯೊಬ್ಬಳು ಕಣ್ಣಾಡಿಸಿ, ‘ಹನ್ನೆರಡು ಪರ್ಸೆಂಟ್ ಅಲ್ವಾ ಆಂಟಿ’ ಅಂದಳು. ಆರನೆಯ ಸಾಲಿನಲ್ಲಿ ಹನ್ನೆರಡು ಅಂತ ಇನ್ನೂ ಇಟ್ಟಿದ್ದೀಯಲ್ಲ, ಅಷ್ಟುದ್ದದ ಗದ್ದೆಯಲ್ಲಿ ಅವಳಿಗೆ ಅದೊಂದೇ ಸಿಕ್ಕಿತು. ಚಿಕ್ಕಮ್ಮ ನನಗೆ ತಿಳಿಯದ ಹಾಗೆ ಅದರಲ್ಲಿ ನಾಲ್ಕು ಬನ್ನು ಸುತ್ತಿಕೊಟ್ಟಿದ್ದಾಳೆ.

‘ಕಂಪನಿಗೆ ತೊಂದರೆಯಾದಲ್ಲಿ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದವರೆಲ್ಲ ಕಂಪ್ಯೂಟರ್ ಕೆಟ್ಟರೆ ಅಂದುಕೊಂಡರು. ತೊಂದರೆ ಅನ್ನುವುದು ಬಲು ಮೆತ್ತಗಿನ ಪದ.

ಓದುವವರಿಗೂ ಉಸಿರು ಅಂತ ಒಂದಿದೆ, ಪುಟ್ಟಿ. ನನ್ನಂಥವಳು ಒಂದೇ ಉಸಿರಿಗೆ ಎಳೆಯಬಲ್ಲೆ. ಬ್ರೆಡ್ಡಿಗೆ ಬಂದವರು ಎಳೆಯುವುದಿಲ್ಲ. ಅವರು ಉಸಿರು ತೆಗೆದುಕೊಳ್ಳುವ ಕಡೆ ಸಾಲು ನಿಲ್ಲಿಸು. ನಿನಗೆ ಬರೆಯುವುದು ಬರುತ್ತದೆ, ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ದಿನಕ್ಕೆ ಐದು ನಿಮಿಷ ಮಾತಾಡಬಹುದು ಅಂತ ಡಾಕ್ಟರು ಅಪ್ಪಣೆ ಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ. ಆತುರವೇನು.

ಅಮ್ಮ


ಮಾರ್ಚ್ 30

ಅಮ್ಮಾ,

ಈ ಸಲ ಬರೆಯುವ ಮೊದಲು ಫೋನ್ ವಿಭಾಗಕ್ಕೆ ಹೋಗಿ ಕೂತೆ. ಅದನ್ನು ನೋಡಿಕೊಳ್ಳುವ ಅಕ್ಕ ನನಗೊಂದು ಕುರ್ಚಿ ಕೊಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಸಿದರು. ಬರುವ ಕರೆಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. ‘ಹನ್ನೆರಡು ಅಂದಿದ್ರಿ. ನಾಲ್ಕೇ ಬಂದಿದೆ. ಉಳಿದದ್ದು ಯಾವಾಗ ಬರುತ್ತೆ?’ ಒಬ್ಬರು ಬೈಯಲಿಲ್ಲ, ಸುಮ್ಮನೆ, ‘ನಾನು ಏನು ತಪ್ಪು ಮಾಡ್ದೆ ಹೇಳಿ, ಸರಿ ಮಾಡ್ಕೋತೀನಿ’ ಅಂದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನದ ಮೀಟಿಂಗಿನಲ್ಲಿ ಇಸ್ತ್ರಿ ಸಾಹೇಬರು ನನ್ನ ನಾಲ್ಕನ್ನು ನೋಡಿ, ‘ನಾಲ್ಕು ಬೋಳುಬೋಳಾಗಿದೆ. ದಿನಾ ಬಡ್ಡಿಗೆ ಬಡ್ಡಿ ಸೇರಿಸಿದ್ರೆ ನಾಲ್ಕು ಪಾಯಿಂಟ್ ಸೊನ್ನೆ ಎಂಟು ಆಗುತ್ತೆ. ಅದನ್ನಾದ್ರೂ ಹಾಕು, ಸ್ವಲ್ಪ ತೂಕ ಬರ್ಲಿ’ ಅಂದರು. ಆಗ ಫೋನಿನ ಅಕ್ಕ ಬಾಯಿ ಹಾಕಿದರು. ‘ಸರ್, ಆ ಸೊನ್ನೆ ಎಂಟನ್ನು ವಿವರಿಸೋಕೆ ಇನ್ನಿಬ್ಬರು ಹುಡುಗಿಯರನ್ನ ಕೊಡಿ. ಇಲ್ಲಾಂದ್ರೆ ಒಂದು ಬೆಳಿಗ್ಗೆ ನೀವೇ ಬಂದು ಫೋನ್ ಎತ್ತಿ.’

ಸಾಹೇಬರು ಹಿಂದೆ ಸರಿಯುವವರಲ್ಲ. ಹೋಗಿ ಕೂತರು. ಮಧ್ಯಾಹ್ನ ಹೊರಬಂದಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು, ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಇಡೀ ಆಫೀಸು ಕುರ್ಚಿ ತಿರುಗಿಸಿ ನೋಡಿತು. ನನ್ನ ಮೇಜಿನ ಹತ್ತಿರ ನಿಂತು, ‘ಹನ್ನೆರಡು ಎಲ್ಲೂ ಬೇಡ. ಬರಿ’ ಅಂದರು. ಮೇಲಿನವರಿಗೆ ಏನು ಹೇಳುತ್ತೀರಿ ಅಂದೆ. ‘ಅವರಿಗೂ ಒಂದು ಹೆಡ್‌ಫೋನ್ ಕಳಿಸ್ತೀನಿ.’

ಇಗೋ, ಇದು. ಎಲ್ಲ ಅಕ್ಷರವೂ ಒಂದೇ ಗಾತ್ರ. ಚುಕ್ಕಿ ಇಲ್ಲ.

‘ಇಂದು ನೂರು ನಾಣ್ಯ ಇಟ್ಟರೆ, ಒಂದು ವರ್ಷಕ್ಕೆ ನೂರ ನಾಲ್ಕು ನಾಣ್ಯ.
ಬಡ್ಡಿ ಕೊಡುವುದು ನಾಣ್ಯದಲ್ಲಿ, ದುಡ್ಡಿನಲ್ಲಿ ಅಲ್ಲ.
ನಾಣ್ಯದ ಬೆಲೆ ಇಳಿದರೆ, ಬಡ್ಡಿ ಸೇರಿಯೂ ನೀವು ಹಾಕಿದ ದುಡ್ಡಿಗಿಂತ ಕಡಿಮೆ ಬರಬಹುದು.
ಇದು ಈ ತಿಂಗಳ ದರ. ಮುಂದೆ ಬದಲಾಗಬಹುದು. ಬದಲಾಗುವ ಮೊದಲು ತಿಳಿಸುತ್ತೇವೆ.
ಇದು ಬ್ಯಾಂಕ್ ಠೇವಣಿ ಅಲ್ಲ. ನಮ್ಮ ಕಂಪನಿ ಮುಚ್ಚಿದರೆ ನಿಮ್ಮ ನಾಣ್ಯ ವಾಪಸ್ ಬರದೇ ಇರಬಹುದು.’

ಕೊನೆಯ ಸಾಲನ್ನು ಒಪ್ಪಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ವಕೀಲರು ‘ತೊಂದರೆಯಾದಲ್ಲಿ’ ಅನ್ನುವುದನ್ನೇ ಹಿಡಿದು ನೇತಾಡಿದರು. ನಿನ್ನ ಕೌಂಟರಿನಲ್ಲಿ ಅದಕ್ಕೆ ಏನರ್ಥ ಬಂತು ಅಂತ ಹೇಳಿದೆ. ಬಿಟ್ಟರು.

ಆ ಐದು ನಿಮಿಷದಲ್ಲಿ ಒಂದು ನಿಮಿಷ ನನಗೆ ಕೊಡುತ್ತೀಯಾ? ಫೋನ್ ಮಾಡು. ಏನೂ ಹೇಳದಿದ್ದರೂ ಪರವಾಗಿಲ್ಲ, ಹಲೋ ಅಂದರೆ ಸಾಕು.

ಪುಟ್ಟಿ


ಏಪ್ರಿಲ್ 11

ಪುಟ್ಟಿ,

ಮೊದಲು ನಿನ್ನ ಹಾಳೆಯ ಸುದ್ದಿ.

ಡ್ರೈವರಣ್ಣ ನಿಂತಲ್ಲೇ ಓದಿದರು. ಸ್ಲೇಟು ಹಿಡಿಯುವ ಮೊದಲೇ, ‘ನಾಲ್ಕು ನಾಣ್ಯ ಜಾಸ್ತಿ ಬರುತ್ತೆ, ಆದ್ರೆ ನಾಣ್ಯದ ಬೆಲೆ ಯಾರ ಕೈಲೂ ಇಲ್ಲ. ಕಂಪನಿ ಮುಚ್ಚಿದ್ರೆ ನಾಮ. ಅಲ್ವಾ?’ ಅಂದರು. ಹೌದು ಅಂತ ತಲೆಯಾಡಿಸಿದೆ. ‘ನನ್ನ ವಯಸ್ಸಿಗೆ ಬೇಡ ಬಿಡಿ’ ಅಂತ ಬ್ರೆಡ್ಡು ತಗೊಂಡು ಹೋದರು. ಹೂವಿನಂಗಡಿಯಾಕೆಯ ತಮ್ಮನ ಹತ್ತಿರ ಇಂಥ ನಾಣ್ಯ ಮೊದಲೇ ಇದೆಯಂತೆ, ‘ಹೇಗಿದ್ರೂ ಇಟ್ಕೊಂಡೇ ಇದಾನೆ, ಒಂದಷ್ಟು ಹಾಕು ಅಂತೀನಿ, ಎಲ್ಲಾ ಬೇಡ’ ಅಂದಳು. ಒಬ್ಬರು ಬೇಡ, ಒಬ್ಬರು ಸ್ವಲ್ಪ ಬೇಕು. ಇಬ್ಬರೂ ಓದಿದ್ದು ಒಂದನ್ನೇ. ನನಗೆ ತುಂಬಾ ಹಿತವಾಯಿತು.

ಇನ್ನು ಫೋನು. ನೀನು ಕೇಳಿದ್ದು ಓದಿದ ದಿನ ಮಾಡೋಣ ಅಂತಲೇ ಕೂತೆ. ನಿನ್ನ ನಂಬರು ಒತ್ತಿ, ಗಂಟೆ ಹೊಡೆಯುವ ಮೊದಲು ಇಟ್ಟುಬಿಟ್ಟೆ. ಮರುದಿನವೂ ಅಷ್ಟೇ. ಬಾಯಿ ತೆರೆಯದಿರುವವರೆಗೆ ಧ್ವನಿ ಒಳಗೆ ಹೇಗಿತ್ತೋ ಹಾಗೇ ಇದೆ ಅಂದುಕೊಳ್ಳಬಹುದಲ್ಲ. ಅಷ್ಟೇ ಕಣೇ ವಿಷಯ. ಇಪ್ಪತ್ತು ಸಾವಿರದ ಲೆಕ್ಕದಲ್ಲಿ ನೀನು ಕಂಡದ್ದೂ ಅದೇ ಹೆದರಿಕೆ. ಕಂಡೂ ಕೆದಕದೆ ಬಿಟ್ಟೆ, ದೊಡ್ಡವಳಾಗಿದ್ದೀಯ.

ಮೊನ್ನೆ ಚಿಕ್ಕಮ್ಮ ಹಿಂದಿನ ಅಂಗಳದಲ್ಲಿ ಹಿಟ್ಟಿನವನ ಜೊತೆ ಜಗಳಕ್ಕಿಳಿದಿದ್ದಳು. ಒಲೆಯಿಂದ ಹೊಗೆ. ಹೋಗಿ ಕರೆಯೋಣ ಅಂದರೆ ಮುಂದೆ ಗಿರಾಕಿಗಳ ಸಾಲು. ಕೈತಟ್ಟಿದೆ, ತಟ್ಟೆ ಬಡಿದೆ, ಜಗಳದ ಸದ್ದಿನಲ್ಲಿ ಯಾರಿಗೆ ಕೇಳಬೇಕು. ನನಗೇ ಗೊತ್ತಿಲ್ಲದೆ ಬಾಯಿಂದ ಹೊರಟುಬಿಟ್ಟಿತು, ‘ಲೇ, ಬ್ರೆಡ್ಡು ಸೀಯ್ತಿದೆ.’

ಧ್ವನಿ ನನ್ನದಲ್ಲ. ದಪ್ಪಗೆ, ಮರಳಿನ ಹಾಗೆ ಒರಟೊರಟು, ಯಾರೋ ಗಂಡಸು ಹಿಂದೆ ನಿಂತು ಹೇಳಿದ ಹಾಗೆ. ನಾನೇ ತಿರುಗಿ ನೋಡಿದೆ. ಡ್ರೈವರಣ್ಣನ ಕೈಯಿಂದ ಚಿಲ್ಲರೆ ಕೆಳಗೆ ಬಿತ್ತು. ಆ ಕಾಲೇಜಿನ ಹುಡುಗಿ, ‘ಆಂಟಿಗೆ ಮಾತು ಬಂತು’ ಅಂತ ಬೀದಿಗೆ ಓಡಿದಳು. ಕತ್ತಲಾಗುವ ಹೊತ್ತಿಗೆ ನನ್ನನ್ನು ನೋಡಲು ಜನ. ಇಷ್ಟು ದಿನ ನನ್ನೆದುರು ಮನೆ ಗುಟ್ಟುಗಳನ್ನೆಲ್ಲ ಬಿಚ್ಚಿಟ್ಟವರು ಮಾತ್ರ ಬ್ರೆಡ್ಡನ್ನು ಬೇರೆ ಅಂಗಡಿಯಲ್ಲಿ ಕೊಳ್ಳುವ ಯೋಚನೆಯಲ್ಲಿದ್ದಾರೆ.

ನಿನ್ನ ಚಿಕ್ಕಮ್ಮ ಸೀದ ಬ್ರೆಡ್ಡಿನ ತಟ್ಟೆ ಹಿಡಿದೇ ಅತ್ತಳು. ನಾನು ಅಳಲಿಲ್ಲ. ಹಳೆಯ ಧ್ವನಿ ಬರುವುದಿಲ್ಲ ಅಂತ ಗೊತ್ತಾಯಿತು. ಗೊತ್ತಾದ ಮೇಲೆ, ಏನು ಹೇಳಲಿ, ಹೆಗಲು ಹಗುರಾಯಿತು.

ಒರಟು ಧ್ವನಿಯ
ಅಮ್ಮ


ಮೇ 20

ಅಮ್ಮಾ,

ನಿನ್ನ ಹೋದ ಕಾಗದ ಕೈಸೇರುವ ಮೊದಲೇ ಒಂದು ರಾತ್ರಿ ನೀನು ಫೋನಿನಲ್ಲಿ ‘ಪುಟ್ಟಿ’ ಅಂದದ್ದಕ್ಕೆ ‘ರಾಂಗ್ ನಂಬರ್’ ಅಂತ ಇಟ್ಟುಬಿಟ್ಟೆನಲ್ಲ, ಅದನ್ನು ಚಿಕ್ಕಮ್ಮ ಊರೆಲ್ಲ ಹಂಚುತ್ತಿದ್ದಾರಂತೆ. ಹಂಚಲಿ. ಎರಡನೆಯ ಸಲ ನೀನು ಹೆತ್ತಮ್ಮನನ್ನೇ ಮರೆತೆಯಾ ಅಂದಾಗ ಬಂದ ನಗುವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಬಸ್ ನಿಲ್ದಾಣಗಳಲ್ಲಿ ಹೊಸ ಜಾಹೀರಾತು ಬಂದಿದೆ. ಮೊದಲಿಗಿಂತ ಕಡಿಮೆ ಜನ ಬರುತ್ತಿದ್ದಾರೆ, ಮುಚ್ಚಿಡುವುದೇನು. ಮೇಲಿನವರು ಇಸ್ತ್ರಿ ಸಾಹೇಬರನ್ನು ಎರಡು ಸಲ ಕರೆಸಿ ಕೇಳಿದರು. ಆದರೆ ಈ ತಿಂಗಳ ಮೊದಲ ವಾರ ನಾಣ್ಯದ ಬೆಲೆ ಕಾಲು ಭಾಗ ಬಿತ್ತು. ನಮ್ಮ ಬೀದಿಯಲ್ಲೇ ಇರುವ ಇನ್ನೊಂದು ಕಂಪನಿಯ ಬಾಗಿಲಲ್ಲಿ ಜನ ಸೇರಿ ಗಲಾಟೆ. ನಮ್ಮಲ್ಲೂ ಹಳೆಯ ಜಾಹೀರಾತು ನೋಡಿ ಬಂದವರು ಬೈದರು, ಬೈಸಿಕೊಂಡೆವು. ಹೊಸದನ್ನು ಓದಿ ಬಂದವರಲ್ಲಿ ಒಬ್ಬಾತ ಫೋನ್ ಮಾಡಿ, ‘ಬೀಳಬಹುದು ಅಂದಿದ್ರಿ, ಬಿತ್ತು. ನನ್ನ ನಾಣ್ಯ ಅಷ್ಟೇ ಇದೆ ತಾನೆ?’ ಅಂದನಂತೆ. ಇದೆ ಅಂದರು. ‘ಸರಿ’ ಅಂತ ಇಟ್ಟ. ಫೋನಿನ ಅಕ್ಕ ಆ ‘ಸರಿ’ಯನ್ನು ಮಹಡಿಯಿಂದ ಮಹಡಿಗೆ ಹೊತ್ತು ತಿರುಗಿದರು. ಮೇಲಿನವರು ಮತ್ತೆ ಕರೆಸಿಲ್ಲ. ಹಳೆಯ ಜಾಹೀರಾತು ಎಲ್ಲಿದ್ದರೂ ಕೀಳಲು ಸಾಹೇಬರು ಆಳು ಕಳಿಸಿದ್ದಾರೆ. ಹಳಬರಿಗೆಲ್ಲ ಹೊಸ ಹಾಳೆ ಕಳಿಸಿ, ಇದನ್ನು ಓದಿ ಬೇಡ ಅನ್ನಿಸಿದರೆ ದಂಡವಿಲ್ಲದೆ ವಾಪಸ್ ತಗೊಳ್ಳಿ ಅಂತ ಬರೆದಿದ್ದೇವೆ.

ಇನ್ನೊಂದು ವಿಷಯ. ರೇಡಿಯೋಕ್ಕೂ ಅದೇ ಬರಹ. ಮೂವರಿಂದ ಓದಿಸಿ ನೋಡಿದೆವು, ಮೂವರೂ ಚೆನ್ನಾಗಿ ಓದುವವರು. ಮೊದಲ ಸಾಲು ಸಾವಧಾನವಾಗಿ ಓದುತ್ತಾರೆ. ‘ಬೆಲೆ ಇಳಿದರೆ’ ಅನ್ನುವ ಕಡೆಯಿಂದ ರೈಲು ಹಿಡಿಯುವವರ ಹಾಗೆ ಓಡುತ್ತಾರೆ. ನಿಧಾನ ಅಂದರೆ ನಿಧಾನ ಮಾಡುತ್ತಾರೆ, ಮರುಸಲ ಮತ್ತೆ ಓಟ. ಅಭ್ಯಾಸಬಲ. ನಿನ್ನ ಸ್ಟುಡಿಯೋದ ರೆಕಾರ್ಡಿಂಗ್ ಅಂಕಲ್ ಗಾಜಿನ ಆಚೆಯಿಂದ ನನ್ನ ಕಡೆ ನೋಡಿ, ‘ಅಮ್ಮ ಹೇಗಿದಾರೆ?’ ಅಂದರು. ಧ್ವನಿ ಬದಲಾಗಿದೆ ಅಂದೆ. ‘ನಾನು ಅದನ್ನೇ ಕೇಳಿದ್ದು’ ಅಂದರು.

ನಾನು ನಿನ್ನನ್ನು ಕೇಳುತ್ತಿಲ್ಲ. ನಡೆದದ್ದನ್ನು ಬರೆದೆ, ಅಷ್ಟೇ.

ಪುಟ್ಟಿ


ಜೂನ್ 3

ಪುಟ್ಟಿ,

ಕೇಳುತ್ತಿಲ್ಲ ಅಂತ ಬರೆದರೆ ಕೇಳಿದ ಹಾಗೇ. ನನ್ನ ಮಗಳಲ್ಲವಾ.

ಆ ಹಾಳೆಯನ್ನು ಮೂರು ದಿನ ಕೈಗೆತ್ತಿಕೊಳ್ಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಹಿಟ್ಟು ನಾದುತ್ತಿದ್ದ ಚಿಕ್ಕಮ್ಮನ ಎದುರು ನಿಂತು ಓದಿದೆ. ಈ ಧ್ವನಿಗೆ ಓಡಲು ಬರುವುದಿಲ್ಲ ಕಣೇ. ಓಡಿಸಲು ನೋಡಿದೆ, ಕೆಮ್ಮು ಬಂತು. ಹಾಗಾಗಿ ಎಲ್ಲ ಸಾಲೂ ಒಂದೇ ನಡಿಗೆ. ನೂರ ನಾಲ್ಕೂ ಅದೇ ನಡಿಗೆ, ವಾಪಸ್ ಬರದೇ ಇರಬಹುದೂ ಅದೇ ನಡಿಗೆ. ಚಿಕ್ಕಮ್ಮ ನಾದುವುದನ್ನು ನಿಲ್ಲಿಸಿ, ‘ನಂಗೆ ಪೂರ್ತಿ ಅರ್ಥ ಆಯ್ತು. ನಾನು ಒಲೆಯನ್ನೇ ತಗೋತೀನಿ’ ಅಂದಳು. ಒಲೆ ನಿನ್ನೆ ಬಂತು. ಅವಳಿಗಿಂತ ಹೊಳೆಯುತ್ತಿದೆ.

ರೆಕಾರ್ಡಿಂಗ್ ಅಂಕಲ್‌ಗೆ ನಾನೇ ಫೋನ್ ಮಾಡಿದೆ. ಇಪ್ಪತ್ತೈದು ವರ್ಷದಿಂದ ಗಾಜಿನ ಆಚೆ ಕೂತು ‘ಇನ್ನೂ ಬೇಗ, ಇನ್ನೂ ಬೇಗ’ ಅಂದ ಮನುಷ್ಯ. ಫೋನಿನಲ್ಲೇ ಹಾಳೆ ಓದಿ ಮುಗಿಸಿದೆ. ಆಮೇಲೆ, ‘ಸೋಮವಾರ ಬನ್ನಿ. ಇನ್ನು ಮೇಲೆ ಬಾಲ ಬೇಡ, ತಲೆಯಿಂದಲೇ ಓದಿ’ ಅಂದರು. ನಿಮ್ಮ ಇಸ್ತ್ರಿ ಸಾಹೇಬರಿಗೆ ನಾನು ನಿನ್ನ ಅಮ್ಮ ಅಂತ ಮೊದಲೇ ಹೇಳಬೇಡ. ಓದಿದ್ದನ್ನು ಕೇಳಲಿ. ಹಿಡಿಸದಿದ್ದರೆ ಬೇರೆಯವರನ್ನು ಕರೆಯಲಿ. ಈ ಊರಿನ ರೇಡಿಯೋದವರು ಕಥೆ ಓದಲು ಕರೆಯುತ್ತಿದ್ದಾರೆ, ನನಗೆ ಕೆಲಸಕ್ಕೇನೂ ಬರವಿಲ್ಲ.

ಇಪ್ಪತ್ತು ಲಕ್ಷ ಬ್ಯಾಂಕಿನಲ್ಲೇ ನಿದ್ದೆ ಮಾಡಲಿ. ಕೈಖರ್ಚಿನಲ್ಲಿ ಉಳಿದಿದ್ದ ಐದು ಸಾವಿರ ಮಾತ್ರ ಏಪ್ರಿಲ್ಲಿನಲ್ಲಿ ನಿಮ್ಮಲ್ಲಿ ಇಟ್ಟಿದ್ದೆ, ನಿನಗೆ ಹೇಳಿರಲಿಲ್ಲ. ಹೂವಿನಂಗಡಿಯಾಕೆಯ ತಮ್ಮ ಮಾಡಿಸಿಕೊಟ್ಟ. ಹೋದರೆ ಹೋಯಿತು ಅನ್ನುವಷ್ಟು ದುಡ್ಡು. ಮೊನ್ನೆ ನೋಡಿಸಿದೆ. ನಾಣ್ಯ ಎಳ್ಳಷ್ಟು ಹೆಚ್ಚಾಗಿದೆ, ದುಡ್ಡು ಚೆನ್ನಾಗಿ ಕಡಿಮೆಯಾಗಿದೆ. ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಾಗಿಲ್ಲ. ಕಳೆದುಕೊಂಡೂ ಇಷ್ಟು ಹೆಮ್ಮೆಪಟ್ಟ ಗಿರಾಕಿ ನಿಮ್ಮ ಕಂಪನಿಗೆ ಇನ್ನೊಬ್ಬಳು ಸಿಗಲಾರಳು.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬರಬೇಡ, ಸಾಮಾನು ಜಾಸ್ತಿ ಇಲ್ಲ. ಮೆಟ್ಟಿಲು ಹತ್ತಿ ಬಂದು ಬೆಲ್ಲು ಒತ್ತುವುದೂ ಇಲ್ಲ. ಬೀದಿಯಲ್ಲಿ ನಿಂತು, ಮೂರನೆಯ ಮಹಡಿಗೆ ಕೇಳಿಸುವ ಹಾಗೆ ನಿನ್ನನ್ನು ಕೂಗುತ್ತೇನೆ. ಯಾವ ಗಂಡಸು ಇದು ಅಂತ ಅಕ್ಕಪಕ್ಕದವರು ಇಣುಕಿದರೆ ಇಣುಕಲಿ. ನೀನು ಕಿಟಕಿ ತೆಗಿ.

ಅಮ್ಮ